ಟಿವಿನಾ, ಪ್ರೊಜೆಕ್ಟರಾ, ಟ್ಯಾಬಾ? ಕೊನೆ ಬೆಂಚಲ್ಲಿ ಕೂತು ಆರಿಸಿ

ಕಳೆದ ತಿಂಗಳು ಹಳೆ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ್ದ. ಈಗ ಬೆಂಗಳೂರಲ್ಲಿ ಕೆಲಸ. "ಮಿಸ್, ನಮ್ ಬ್ಯಾಚ್‌ನವರೆಲ್ಲ ಸೇರಿ ಒಂದು ಲಕ್ಷ ಒಟ್ಟು ಮಾಡಿದ್ದೀವಿ. ಶಾಲೆಗೆ ಡಿಜಿಟಲ್ ಬೋರ್ಡ್ ಕೊಡಿಸೋಣ ಅಂತ. ಯಾವ ಕಂಪನಿದು ತಗೊಳ್ಳಲಿ?" ಅಂದ.

"ಸ್ವಲ್ಪ ತಡಿಯಪ್ಪ" ಅಂದೆ. ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ ಶಾಲೆಗಳಲ್ಲಿ ವಿಜ್ಞಾನ ಪಾಠ ಮಾಡುತ್ತಾ ಪ್ರೊಜೆಕ್ಟರ್, ಟ್ಯಾಬ್, ಟಿವಿ, ಡಿಜಿಟಲ್ ಬೋರ್ಡ್ ನಾಲ್ಕನ್ನೂ ಬಳಸಿದ್ದೇನೆ. ಒಂದೆರಡರಲ್ಲಿ ಕೈ ಸುಟ್ಟುಕೊಂಡಿದ್ದೇನೆ. ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಕೋಲಾರ, ತುಮಕೂರು ಕಡೆಯ ಮೇಷ್ಟ್ರುಗಳಿಗೂ, ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಸಮಿತಿಯವರಿಗೂ, ಊರಿನ ಶಾಲೆಗೆ ಏನಾದರೂ ಮಾಡಬೇಕು ಅನ್ನುವವರಿಗೂ ಉಪಯೋಗಕ್ಕೆ ಬರಬಹುದು.

ಯಾವ ಕಂಪನಿ ಅನ್ನುವುದು ಆಮೇಲಿನ ಮಾತು. ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಕೊನೆ ಬೆಂಚಿನ ಮಗುವಿಗೆ ಓದಲು ಆಗುತ್ತಾ? ಕರೆಂಟೂ ಇಲ್ಲ, ನೆಟ್ಟೂ ಇಲ್ಲ ಅನ್ನುವ ದಿನ ನಡೆಯುತ್ತಾ? ಈ ಎರಡಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದ ಹಾಗೆ.

ಪರದೆ ಎಷ್ಟು ದೊಡ್ಡದಿರಬೇಕು

ನಮ್ಮ ಶಾಲೆಗೆ ಮೊದಲು ಬಂದದ್ದು 43 ಇಂಚಿನ ಟಿವಿ. ದಾನಿಗಳು ಕೊಟ್ಟಿದ್ದು. ಗೋಡೆಗೆ ಹಾಕಿ, ಊದುಬತ್ತಿ ಹಚ್ಚಿ, ಏಳನೇ ಕ್ಲಾಸಿಗೆ ಸಸ್ಯಗಳ ಪಾಠ ಹಾಕಿದೆ. ಪರದೆ ಮೇಲೆ 'ದ್ಯುತಿಸಂಶ್ಲೇಷಣೆ' ಅಂತ ಬಂತು. ಕೊನೆ ಬೆಂಚಿನ ಹುಡುಗನಿಗೆ ಓದು ಅಂದೆ. ಎದ್ದು ನಿಂತು, ಕಣ್ಣು ಕಿರಿದು ಮಾಡಿ, "ದುತಿ... ಸಂಶೇಷಣೆ" ಅಂದ. ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕು, ಆಮೇಲೆ ಹೋಗಿ ಅವನ ಜಾಗದಲ್ಲಿ ಕೂತು ನೋಡಿದೆ. ಅವನ ತಪ್ಪೇನೂ ಇರಲಿಲ್ಲ. ಅಕ್ಷರ ಕಾಣುತ್ತಿತ್ತು, ಅದರ ಕೆಳಗಿನ ಒತ್ತು ಕಾಣುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಸಾಕಾಗುವ ಟಿವಿ ಕನ್ನಡಕ್ಕೆ ಸಾಕಾಗದೇ ಹೋಗುವುದು ಇಲ್ಲೇ. ಅಂಗಡಿಯಲ್ಲಿ ನಾಲ್ಕಡಿ ದೂರದಲ್ಲಿ ನಿಂತು ನೋಡಿದಾಗ ಇದು ಗೊತ್ತಾಗುವುದಿಲ್ಲ.

ಒಂದು ಸುಲಭ ಲೆಕ್ಕ ಇದೆ. ಪರದೆಯ ಎತ್ತರದ ಆರು ಪಟ್ಟು ದೂರದವರೆಗೆ ಸಾಧಾರಣ ಗಾತ್ರದ ಅಕ್ಷರ ಓದಬಹುದು. ಎಂಟು ಪಟ್ಟಿನವರೆಗೆ ಚಿತ್ರ, ವಿಡಿಯೊ ನೋಡಬಹುದು. 43 ಇಂಚಿನ ಟಿವಿಯ ಎತ್ತರ ಸುಮಾರು 53 ಸೆಂಟಿಮೀಟರ್. ಅಂದರೆ ಹತ್ತೂವರೆ ಅಡಿಗೆ ಓದು ಮುಗಿಯಿತು. 55 ಇಂಚಿನದು ಹದಿಮೂರೂವರೆ ಅಡಿ, 65 ಇಂಚಿನದು 16 ಅಡಿ, 75 ಇಂಚಿನದು ಹದಿನೆಂಟು ಅಡಿಗೆ ಸ್ವಲ್ಪ ಜಾಸ್ತಿ. ಪ್ರೊಜೆಕ್ಟರಿನಲ್ಲಿ 100 ಇಂಚಿನ ಚಿತ್ರ ಬಿಟ್ಟರೆ 24 ಅಡಿ ದಾಟುತ್ತದೆ.

ಈಗ ಟೇಪು ಹಿಡಿದು ನಿಮ್ಮ ಕ್ಲಾಸ್‌ರೂಮ್ ಅಳೆಯಿರಿ. ಇಪ್ಪತ್ತಡಿ ಉದ್ದದ ಕೋಣೆಯಲ್ಲಿ ಕೊನೆ ಬೆಂಚು ಹದಿನೇಳು ಹದಿನೆಂಟು ಅಡಿಯಲ್ಲಿರುತ್ತದೆ. ಆ ದೂರಕ್ಕೆ 55 ಇಂಚಿನ ಟಿವಿಯಲ್ಲಿ ಚಿತ್ರ ಚೆನ್ನಾಗಿ ಕಾಣುತ್ತದೆ, ಪುಸ್ತಕದ ಪುಟ ಕಾಣುವುದಿಲ್ಲ. ಹಾಗಂತ 75 ಇಂಚಿಗೆ ಓಡಬೇಕಿಲ್ಲ. ನಾನು ಮಾಡಿಕೊಂಡ ಉಪಾಯ ಏನೆಂದರೆ, ಚಿತ್ರ ಟಿವಿಯಲ್ಲಿ, ಅಕ್ಷರ ಕರಿಹಲಗೆಯಲ್ಲಿ. ಟಿವಿ ಪಕ್ಕದಲ್ಲೇ ಹಲಗೆ ಇರಬೇಕು ಅಷ್ಟೆ. ಹಲಗೆ ತೆಗೆದು ಆ ಜಾಗದಲ್ಲಿ ಟಿವಿ ಹೊಡೆಸಿದ ಶಾಲೆಗಳನ್ನು ನೋಡಿದ್ದೇನೆ. ಸೀಮೆಸುಣ್ಣ ಹಿಡಿಯಲು ಜಾಗ ಇಲ್ಲದೆ ಆ ಮೇಷ್ಟ್ರು ಪಡುವ ಪಾಡು ನೋಡಲಾಗದು.

ಪ್ರೊಜೆಕ್ಟರ್ ವಿಷಯ

ಪ್ರೊಜೆಕ್ಟರಿಗೆ ಎರಡು ದೊಡ್ಡ ಗುಣ ಇವೆ. ಚಿತ್ರ ದೊಡ್ಡದು, ಕೆಲಸ ಆದ ಮೇಲೆ ಬೀರುವಿನಲ್ಲಿಟ್ಟು ಬೀಗ ಹಾಕಬಹುದು. ಬೇಸಿಗೆ ರಜೆಯಲ್ಲಿ ಶಾಲೆ ಬೀಗ ಒಡೆದ ಸುದ್ದಿ ಕೇಳುತ್ತಲೇ ಇರುತ್ತೇವಲ್ಲ, ಅದಕ್ಕೆ ಎರಡನೆಯ ಗುಣವೂ ಸಣ್ಣದಲ್ಲ.

ಕಷ್ಟ ಬೆಳಕಿನದು. ನಮ್ಮ ಹಳೆಯ ಪ್ರೊಜೆಕ್ಟರಿನಲ್ಲಿ ಹನ್ನೊಂದು ಗಂಟೆಗೆ ಹೃದಯದ ಚಿತ್ರ ಹಾಕಿದರೆ ಗೋಡೆ ಮೇಲೆ ಬೂದಿ ಬಣ್ಣದ ಮೋಡದ ಹಾಗೆ ಕಾಣುತ್ತಿತ್ತು. ಎರಡು ದಿನ ಒದ್ದಾಡಿದೆ. ಮೂರನೇ ದಿನ ಮಕ್ಕಳೇ ಮನೆಯಿಂದ ಗೋಣಿತಾಟು ತಂದರು. ಇಲ್ಲಿ ರೇಷ್ಮೆ ಮನೆಗಳಿಗೆ ಬೇಸಿಗೆಯಲ್ಲಿ ಕಿಟಕಿಗೆ ಗೋಣಿತಾಟು ಕಟ್ಟಿ ನೀರು ಚಿಮುಕಿಸುತ್ತಾರೆ, ಹುಳಕ್ಕೆ ತಂಪಿರಲಿ ಅಂತ. ಅದನ್ನೇ ನಮ್ಮ ಕಿಟಕಿಗಳಿಗೂ ಕಟ್ಟಿದರು. ಹೃದಯ ಕೆಂಪಗೆ ಕಂಡಿತು. ಆದರೆ ಐದೇ ನಿಮಿಷಕ್ಕೆ ಸೆಕೆ, ಹಿಪ್ಪುನೇರಳೆ ಸೊಪ್ಪಿನ ವಾಸನೆ, ಅರ್ಧ ಕ್ಲಾಸು ತೂಕಡಿಕೆ. ಕತ್ತಲು ಮಾಡಿದರೆ ಮಕ್ಕಳು ನೋಟ್ಸ್ ಬರೆಯುವ ಹಾಗೂ ಇಲ್ಲ.

ಕತ್ತಲು ಮಾಡದೆ ನಡೆಯಬೇಕೆಂದರೆ ಕನಿಷ್ಠ 3,000 ದಿಂದ 3,500 ಲ್ಯೂಮೆನ್ ಬೆಳಕಿನ ಪ್ರೊಜೆಕ್ಟರ್ ಬೇಕು. ಆನ್‌ಲೈನಿನಲ್ಲಿ ಐದಾರು ಸಾವಿರಕ್ಕೆ ಸಿಗುವ ಪುಟಾಣಿಗಳ ಡಬ್ಬಿ ಮೇಲೆ ಏನೇ ಬರೆದಿರಲಿ, ಹಗಲು ಹೊತ್ತಿನ ಕ್ಲಾಸಿಗೆ ಅವು ಆಗುವುದಿಲ್ಲ. ಬಲ್ಬಿನ ಪ್ರೊಜೆಕ್ಟರಿಗೆ ಇನ್ನೊಂದು ಕಿರಿಕಿರಿ ಇದೆ. ಆರಿಸಿದ ಮೇಲೂ ಒಳಗಿನ ಫ್ಯಾನ್ ಸ್ವಲ್ಪ ಹೊತ್ತು ತಿರುಗಿ ಬಲ್ಬನ್ನು ತಣ್ಣಗೆ ಮಾಡಬೇಕು. ಕರೆಂಟ್ ದಿಢೀರ್ ಹೋದರೆ ಅದು ಆಗಲ್ಲ, ಬಲ್ಬಿನ ಆಯಸ್ಸು ಕಡಿಮೆ ಆಗುತ್ತದೆ. ನಮ್ಮ ಕಡೆ ಕರೆಂಟ್ ಹೇಳಿ ಕೇಳಿ ಹೋಗುತ್ತದಾ? ಸಾವಿರಾರು ಗಂಟೆ ಬಾಳುವ ಲೇಸರ್ ಪ್ರೊಜೆಕ್ಟರುಗಳಿಗೆ ಈ ರಗಳೆ ಇಲ್ಲ, ಆದರೆ ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಎಲ್ಲ ಕ್ಲಾಸಿನವರನ್ನೂ ಕೂರಿಸುವ ಹಾಲ್ ಇದ್ದರೆ ಪ್ರೊಜೆಕ್ಟರ್ ತಗೊಳ್ಳಿ. ದಿನಾ ಪಾಠಕ್ಕೆ ಅಂದರೆ ಬೇಡ ಅನ್ನುತ್ತೇನೆ.

ಡಿಜಿಟಲ್ ಬೋರ್ಡ್

ಫೋನ್ ಮಾಡಿದ ಹುಡುಗನ ಮನಸ್ಸಿದ್ದದ್ದು ಇದರ ಮೇಲೆ. ಬೆರಳಲ್ಲಿ ಬರೆಯಬಹುದು, ಚಿತ್ರ ಎಳೆಯಬಹುದು, ಫೋಟೊದಲ್ಲಿ ಜೋರಾಗಿ ಕಾಣುತ್ತದೆ. ರೇಖಾಗಣಿತ ಮಾಡುವ ಒಳ್ಳೆಯ ಗಣಿತ ಮೇಷ್ಟ್ರ ಕೈಗೆ ಸಿಕ್ಕಿದರೆ ಇದಕ್ಕೆ ಸಾಟಿ ಇಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಸಾಮಾನ್ಯವಾಗಿ 65 ಇಂಚಿಂದ ಶುರು, ಬೆಲೆ ಲಕ್ಷದ ಮೇಲೆ. ಕೆಟ್ಟರೆ ಊರಿನ ಟಿವಿ ರಿಪೇರಿಯವನು ಮುಟ್ಟುವುದಿಲ್ಲ, ಬೆಂಗಳೂರಿಂದ ಬರಬೇಕು. ಅವರು ಬರುವ ತನಕ ಅದು ಗೋಡೆಗೆ ನೇತು ಹಾಕಿದ ಕಪ್ಪು ಗಾಜು.

ಅದರ ಜೊತೆ ಬರುವ ಪಾಠದ ಪ್ಯಾಕೇಜ್ ಬಗ್ಗೆ ಹುಷಾರು. ನಾನು ಮೊದಲಿದ್ದ ಶಾಲೆಗೆ ಒಂದು ಕಂಪನಿಯವರು ಬೋರ್ಡ್ ಜೊತೆ ಎಲ್ಲ ತರಗತಿಯ ಪಾಠಗಳನ್ನೂ ಹಾಕಿ ಕೊಟ್ಟಿದ್ದರು. ಮೂರು ವರ್ಷ ಚೆನ್ನಾಗಿ ನಡೆಯಿತು. ಒಂದು ಸೋಮವಾರ ಬೆಳಿಗ್ಗೆ ಆನ್ ಮಾಡಿದರೆ 'ಲೈಸೆನ್ಸ್ ಅವಧಿ ಮುಗಿದಿದೆ' ಅಂತ ಬಂತು. ನವೀಕರಣಕ್ಕೆ ಕೇಳಿದ ದುಡ್ಡು ಶಾಲೆಯ ಕೈಗೆಟುಕುವ ಹಾಗಿರಲಿಲ್ಲ. ಮೂರು ವರ್ಷ ನಾವು ಪಾಠಗಳನ್ನು ಕೊಂಡಿದ್ದೇವೆ ಅಂದುಕೊಂಡಿದ್ದೆವು, ಬಾಡಿಗೆಗೆ ತಂದಿದ್ದೆವು ಅಂತ ಅವತ್ತು ಗೊತ್ತಾಯಿತು. ಹಾಗಾಗಿ ಯಾರಾದರೂ "ಕಂಟೆಂಟ್ ಫ್ರೀ ಮೇಡಂ" ಅಂದರೆ ಎಷ್ಟು ವರ್ಷಕ್ಕೆ ಅಂತ ಕೇಳಿ, ಕಾಗದದಲ್ಲಿ ಬರೆಸಿಕೊಳ್ಳಿ.

ಟ್ಯಾಬ್ ಯಾವಾಗ ಸರಿ

ಟಿವಿಯನ್ನು ಮಗು ನೋಡುತ್ತದೆ, ಟ್ಯಾಬನ್ನು ಮುಟ್ಟುತ್ತದೆ. ಭಿನ್ನರಾಶಿ ಕಲಿಯುವಾಗ ರೊಟ್ಟಿಯ ಚಿತ್ರವನ್ನು ತಾನೇ ನಾಲ್ಕು ಭಾಗ ಮಾಡಿ ಮೂರನ್ನು ಎಳೆದಿಡುವ ಮಗುವಿಗೆ ಸಿಗುವುದು ಟಿವಿಯಿಂದ ಸಿಗುವುದಿಲ್ಲ. ಮೂರು ನಾಲ್ಕು ಮಕ್ಕಳಿಗೆ ಒಂದರಂತೆ ಇದ್ದರೂ ಸಾಕು, ಒಬ್ಬರಿಗೊಬ್ಬರು ಹೇಳಿಕೊಟ್ಟುಕೊಳ್ಳುತ್ತಾರೆ.

ಸಾಕುವುದೇ ಕಷ್ಟ. ಹತ್ತು ಟ್ಯಾಬ್ ಅಂದರೆ ಹತ್ತು ಚಾರ್ಜರ್, ಹತ್ತು ಪಿನ್ನು, ಒಡೆಯುವ ಹತ್ತು ಗಾಜು. ನಮ್ಮಲ್ಲಿ ಏಪ್ರಿಲಿನಲ್ಲಿ ಬೀರುವಿಗೆ ಹಾಕಿ ಬೀಗ ಹಾಕಿದ್ದನ್ನು ಜೂನಿನಲ್ಲಿ ತೆಗೆದಾಗ ಎರಡರ ಬೆನ್ನು ಹಪ್ಪಳದ ಹಾಗೆ ಉಬ್ಬಿತ್ತು, ಬ್ಯಾಟರಿ ಹೋಗಿತ್ತು. ಉಳಿದವು ಚಾರ್ಜ್ ತಗೊಳ್ಳಲು ಅರ್ಧ ದಿನ ಸತಾಯಿಸಿದವು. ರಜೆಗೆ ಮುಂಚೆ ಅರ್ಧ ಚಾರ್ಜ್ ಮಾಡಿ, ಪೂರ್ತಿ ಆರಿಸಿ, ತಂಪಾದ ಜಾಗದಲ್ಲಿಡಬೇಕು. ಸೊನ್ನೆಗಿಳಿಸಿ ಇಡಬಾರದು, ನೂರಕ್ಕೆ ತುಂಬಿಸಿಯೂ ಇಡಬಾರದು. ಇದನ್ನು ನಮಗೆ ಯಾರೂ ಹೇಳಿರಲಿಲ್ಲ.

ಇನ್ನೊಂದು ಮಾತು. ಮಕ್ಕಳ ಹೆಸರಲ್ಲಿ ಅಕೌಂಟ್ ಮಾಡಿ ಅನ್ನುವ ಆ್ಯಪ್‌ಗಳಿಂದ ದೂರ ಇರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕು ಅನ್ನುತ್ತದೆ. ಲಾಗಿನ್ ಕೇಳದ, ನೆಟ್ ಇಲ್ಲದೆ ನಡೆಯುವ ಆ್ಯಪ್‌ಗಳೇ ಬೇಕಾದಷ್ಟಿವೆ.

ಕಂಪ್ಯೂಟರ್ ಲ್ಯಾಬ್ ಹೈಸ್ಕೂಲಿಗೆ ಸರಿ. ಕನ್ನಡ ಟೈಪಿಂಗ್, ಲೆಕ್ಕದ ಹಾಳೆ, ಒಂದು ಚೂರು ಪ್ರೋಗ್ರಾಮಿಂಗ್. ಕಲಿಸುವಾಗ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುವ ಯೂನಿಕೋಡಿನಲ್ಲೇ ಕಲಿಸಿ. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ನನ್ನ ಪ್ರಶ್ನೆಪತ್ರಿಕೆಗಳು ಇವತ್ತು ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ.

ನೆಟ್ ಎಷ್ಟು ಬೇಕು?

ಚಂದ್ರಯಾನ-3 ಚಂದ್ರನ ಮೇಲೆ ಇಳಿದದ್ದು 2023ರ ಆಗಸ್ಟ್ 23, ಸಂಜೆ 6 ಗಂಟೆ 4 ನಿಮಿಷಕ್ಕೆ. ನಾವೂ ಮಕ್ಕಳನ್ನು ಶಾಲೆಯಲ್ಲೇ ಉಳಿಸಿಕೊಂಡಿದ್ದೆವು. ನನ್ನ ಫೋನಿನ ಹಾಟ್‌ಸ್ಪಾಟಿಂದ ಟಿವಿಗೆ ಕನೆಕ್ಷನ್. ಐದೂಮುಕ್ಕಾಲಿನವರೆಗೆ ಎಲ್ಲ ಸರಿ ಇತ್ತು. ಆಮೇಲೆ ಊರಲ್ಲಿ ಇದ್ದಬದ್ದವರೆಲ್ಲ ಫೋನ್ ಹಿಡಿದು ಅದನ್ನೇ ನೋಡಲು ಕೂತರು ಅಂತ ಕಾಣುತ್ತದೆ, ಪರದೆ ಮೇಲೆ ಬರೀ ಸುತ್ತುವ ಚಕ್ರ. ಕೊನೆಗೆ ಮಕ್ಕಳನ್ನೆಲ್ಲ ಓಡಿಸಿಕೊಂಡು ಎದುರು ಮನೆಗೆ ಹೋದೆವು. ಅವರ ಮನೆ ಮೇಲೆ ಡಿಶ್ ಇತ್ತು. ಹಜಾರ, ಜಗುಲಿ, ಕಿಟಕಿ ಸರಳು ಎಲ್ಲ ಕಡೆ ಮಕ್ಕಳು. ವಿಕ್ರಮ್ ಇಳಿದಾಗ ಆ ಮನೆಯ ಅಜ್ಜಿ ಎಲ್ಲರಿಗೂ ಬೆಲ್ಲ ಹಂಚಿದರು.

ಡಿಶ್ಶಿಗೆ ನೂರು ಜನ ನೋಡಿದರೂ ಒಂದೇ, ಲಕ್ಷ ಜನ ನೋಡಿದರೂ ಒಂದೇ. ಮೊಬೈಲ್ ಟವರ್ ಹಾಗಲ್ಲ, ಇರುವುದನ್ನು ಹಂಚಿಕೊಳ್ಳಬೇಕು. ಈ ಲೆಕ್ಕ ಇಸ್ರೋದವರಿಗೆ ಮೊದಲೇ ಗೊತ್ತಿತ್ತು. ಪಾಠಕ್ಕೆಂದೇ ಎಜುಸ್ಯಾಟ್ ಅನ್ನುವ ಉಪಗ್ರಹವನ್ನು 2004ರಲ್ಲಿ ಹಾರಿಸಿದ್ದರು, ಚಾಮರಾಜನಗರದ ಪ್ರಾಥಮಿಕ ಶಾಲೆಗಳಿಗೆ ಅದರಿಂದ ಪಾಠ ಬರುತ್ತಿತ್ತು. ಕೊರೊನಾ ಕಾಲದಲ್ಲಿ ಚಂದನದಲ್ಲಿ 'ಸಂವೇದ' ಪಾಠ ಬಂದಾಗ ನಮ್ಮ ಮಕ್ಕಳಲ್ಲಿ ಸ್ಮಾರ್ಟ್‌ಫೋನ್ ಇಲ್ಲದವರಿಗೂ ಸಿಕ್ಕಿತಲ್ವಾ.

ಈಗ ದಾರಿಗಳನ್ನು ಹೋಲಿಸಿ. ಮೇಷ್ಟ್ರ ಫೋನಿನ ಹಾಟ್‌ಸ್ಪಾಟ್: ಖರ್ಚಿಲ್ಲ ಅನ್ನಿಸುತ್ತದೆ, ಆದರೆ ಸ್ಪಷ್ಟವಾಗಿ ಕಾಣುವ ವಿಡಿಯೊ ಗಂಟೆಗೆ ಒಂದು ಜಿಬಿಗೂ ಜಾಸ್ತಿ ಕುಡಿಯುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಎರಡು ಪಿರಿಯಡ್ಡಿಗೆ ಮುಗಿಯಿತು. ಫೈಬರ್ ಲೈನ್: ಇದ್ದರೆ ಉತ್ತಮ. ಕೇಂದ್ರ ಸರ್ಕಾರದ ಭಾರತ್‌ನೆಟ್ ಯೋಜನೆಯಿಂದ ಗ್ರಾಮ ಪಂಚಾಯಿತಿವರೆಗೆ ಕೇಬಲ್ ಬಂದಿದ್ದು ನಿಮ್ಮ ಶಾಲೆ ಪಂಚಾಯಿತಿ ಆಫೀಸಿನ ಪಕ್ಕದಲ್ಲೇ ಇದ್ದರೆ ಪಿಡಿಒ ಅವರನ್ನು ವಿಚಾರಿಸಿ. ಆದರೆ ರಸ್ತೆಗೊಂದು ಜೆಸಿಬಿ ಬಂದ ದಿನ ಕೇಬಲ್ ಕಟ್.

ಮೂರನೆಯದು ನನ್ನ ದಾರಿ, ನೆಟ್ ಇಲ್ಲದ ದಾರಿ. ಮನೆಯಲ್ಲಿ ರಾತ್ರಿ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ತರುವುದು. ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡನ್ನು ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಆ ಪಾಠಕ್ಕೆ ಸಂಬಂಧಿಸಿದ್ದು ಸಿಗುತ್ತದೆ, ಡೌನ್‌ಲೋಡ್ ಮಾಡಿಟ್ಟುಕೊಳ್ಳಬಹುದು. ಗಣಿತ ಕಲಿಸುವ ಜಿಯೋಜಿಬ್ರಾ ಆ್ಯಪ್ ನೆಟ್ ಇಲ್ಲದೆ ನಡೆಯುತ್ತದೆ. ಕಿವಿಕ್ಸ್ ಅನ್ನುವ ಆ್ಯಪ್ ಹಾಕಿಕೊಂಡರೆ ಕನ್ನಡ ವಿಕಿಪೀಡಿಯವನ್ನೇ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಬಹುದು. ಪೆನ್‌ಡ್ರೈವ್ ಹಾಕುವಾಗ ಒಂದು ಸಣ್ಣ ಎಚ್ಚರ: ವಿಡಿಯೊ ಎಂಪಿ4 ಆಗಿರಲಿ. ಬೇರೆ ಕೆಲವು ಬಗೆಯವು ಟಿವಿಯಲ್ಲಿ ಚಿತ್ರ ಬಂದು ಧ್ವನಿ ಬರದೆ ಆಟ ಆಡಿಸುತ್ತವೆ.

ಧ್ವನಿ ಬರದಿದ್ದರೂ ನನಗೆ ಬೇಜಾರಿಲ್ಲ ಅನ್ನಿ. ಶಿಡ್ಲಘಟ್ಟ, ಚಿಂತಾಮಣಿ, ಬಾಗೇಪಲ್ಲಿ, ಮುಳಬಾಗಿಲು ಕಡೆ ಎಷ್ಟೋ ಮಕ್ಕಳ ಮನೆಮಾತು ತೆಲುಗು. ವಿಡಿಯೊದಲ್ಲಿ ಮಾತಾಡುವವರ ಸ್ಪೀಡಿಗೆ, ಆ ಪುಸ್ತಕದ ಕನ್ನಡಕ್ಕೆ ಮಕ್ಕಳು ಬೆಪ್ಪಾಗಿ ಕೂರುತ್ತಾರೆ. ಮ್ಯೂಟ್ ಮಾಡಿ, ನಾನೇ ನಿಂತು ಅವರ ಭಾಷೆ ಬೆರೆಸಿ ಹೇಳುತ್ತೇನೆ. ಬೇಕಾದಲ್ಲಿ ನಿಲ್ಲಿಸುತ್ತೇನೆ.

ನನಗೆ ತುಂಬಾ ಇಷ್ಟವಾದದ್ದು ಫೆಟ್ ಸಿಮ್ಯುಲೇಶನ್‌ಗಳು, ಅಂದರೆ ಪರದೆ ಮೇಲೇ ಮಾಡಿ ನೋಡುವ ಪ್ರಯೋಗಗಳು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದವರು ಮಾಡಿದ್ದು. ಶುರು ಮಾಡಿದ ಕಾರ್ಲ್ ವೈಮನ್ ಅವರಿಗೆ 2001ರ ಭೌತವಿಜ್ಞಾನ ನೊಬೆಲ್ ಬಂದಿತ್ತು. ಉಚಿತ, ಹಲವು ಕನ್ನಡದಲ್ಲೂ ಇವೆ, ಒಂದು ಸಲ ಇಳಿಸಿಕೊಂಡರೆ ಬ್ರೌಸರಿನಲ್ಲಿ ನೆಟ್ ಇಲ್ಲದೆ ತೆರೆಯುತ್ತವೆ. ವಿದ್ಯುತ್ ಮಂಡಲದ ಸಿಮ್ಯುಲೇಶನ್‌ನಲ್ಲಿ ಬ್ಯಾಟರಿಯ ಎರಡು ತುದಿಗೂ ನೇರ ವೈರ್ ಜೋಡಿಸಿದರೆ ಬ್ಯಾಟರಿಗೆ ಬೆಂಕಿ ಹತ್ತಿಕೊಳ್ಳುತ್ತದೆ. ಮೊದಲ ಸಲ ಅದು ಆದಾಗ ಮುಂದಿನ ಬೆಂಚಿನ ಹುಡುಗಿ "ಮಿಸ್, ನಿಪ್ಪು! ನಿಪ್ಪು!" ಅಂತ ಕಿರುಚಿ ಎದ್ದೇಬಿಟ್ಟಳು. ಶಾರ್ಟ್ ಸರ್ಕ್ಯೂಟ್ ಅಂದರೇನು ಅಂತ ಆ ಕ್ಲಾಸಿಗೆ ನಾನು ಮತ್ತೆ ಹೇಳಬೇಕಾಗಲಿಲ್ಲ.

ಮಾರನೇ ದಿನ ಟಾರ್ಚ್ ಬಲ್ಬು, ಗೋಡೆ ಗಡಿಯಾರದ ಸೆಲ್ಲು, ವೈರು ಕೊಟ್ಟು ನಿಜವಾಗಿ ಮಾಡಿಸಿದೆ. ಬಲ್ಬ್ ಹತ್ತಲಿಲ್ಲ. ವೈರಿನ ತುದಿಯ ಪ್ಲಾಸ್ಟಿಕ್ ಕೆರೆದಿರಲಿಲ್ಲ. ಪರದೆಯಲ್ಲಿ ಯಾವ ವೈರೂ ಕೆರೆಯಬೇಕಿಲ್ಲ, ಸೆಲ್ಲು ಹಳೆಯದಾಗುವುದಿಲ್ಲ, ಬಲ್ಬು ಸಡಿಲ ಇರುವುದಿಲ್ಲ. ಹತ್ತದ ಬಲ್ಬಿನ ಮುಂದೆ ಮೂವರು ಮಕ್ಕಳು ಅರ್ಧ ಗಂಟೆ ಕಿತ್ತಾಡಿದರು. ಪ್ರಶ್ನೆ ಕೇಳದೆ ಏನನ್ನೂ ಒಪ್ಪಬೇಡಿ ಅನ್ನುತ್ತಿದ್ದ ಎಚ್. ನರಸಿಂಹಯ್ಯನವರು ನಮ್ಮ ಜಿಲ್ಲೆಯ ಗೌರಿಬಿದನೂರು ಕಡೆಯವರು, ಭೌತಶಾಸ್ತ್ರದ ಮೇಷ್ಟ್ರು. ಆ ಕಿತ್ತಾಟ ನೋಡಿದ್ದರೆ ಖುಷಿಪಡುತ್ತಿದ್ದರೇನೋ. ಹಾಗಾಗಿ ಬಜೆಟ್ಟಿನಲ್ಲಿ ಬಲ್ಬು, ಸೆಲ್ಲಿಗೂ ಒಂದಿಷ್ಟು ದುಡ್ಡು ತೆಗೆದಿಡಿ.

ಕರೆಂಟ್

1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಬಂದಿತ್ತು. ತುಮಕೂರಿನ ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಆದರೂ ನನ್ನ ಮೂರನೇ ಪಿರಿಯಡ್ಡಿಗೆ ಕರೆಂಟ್ ಇರಲ್ಲ! ಹಾಗಾಗಿ ಇನ್ವರ್ಟರ್ ಇಲ್ಲದೆ ಏನೂ ಕೊಡಿಸಬೇಡಿ. 55 ಇಂಚಿನ ಎಲ್‌ಇಡಿ ಟಿವಿ, ಲ್ಯಾಪ್‌ಟಾಪ್ ಎರಡೂ ಸೇರಿ ಸುಮಾರು 180 ವ್ಯಾಟ್. 150 ಎಎಚ್ ಬ್ಯಾಟರಿಯ ಇನ್ವರ್ಟರ್ ಇದ್ದರೆ ಐದಾರು ಗಂಟೆ ಆರಾಮವಾಗಿ ನಡೆಯುತ್ತದೆ. ಬಲ್ಬಿನ ಪ್ರೊಜೆಕ್ಟರ್ ಆದರೆ ಅದರ ಅರ್ಧ ಹೊತ್ತು. ಬ್ಯಾಟರಿಗೆ ನೀರು ಹಾಕುವ ಕೆಲಸ ಯಾರದು ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ಅರ್ಥಿಂಗ್ ಪರೀಕ್ಷೆ ಮಾಡಿಸಿ, ಹಳೆ ಕಟ್ಟಡಗಳಲ್ಲಿ ಎಷ್ಟೋ ಕಡೆ ಅದು ಹೆಸರಿಗಷ್ಟೇ ಇರುತ್ತದೆ.

ಆ ಒಂದು ಲಕ್ಷ

ಹುಡುಗನಿಗೆ ಕೊಟ್ಟ ಲೆಕ್ಕ ಹೀಗಿತ್ತು, ಅಂಗಡಿ ಮೇಲೆ ಹೆಚ್ಚು ಕಮ್ಮಿ ಆಗುತ್ತದೆ. 55 ಇಂಚಿನ ಟಿವಿಗೆ 45 ಸಾವಿರ. ಇನ್ವರ್ಟರ್, ಬ್ಯಾಟರಿಗೆ 22 ಸಾವಿರ. ಬಳಸಿದ ಆದರೆ ಗಟ್ಟಿಮುಟ್ಟಾದ ಲ್ಯಾಪ್‌ಟಾಪಿಗೆ 20 ಸಾವಿರ. ಟಿವಿಗೆ ಬೀಗ ಹಾಕುವ ಕಬ್ಬಿಣದ ಪೆಟ್ಟಿಗೆ, ವೈರಿಂಗ್, ಅರ್ಥಿಂಗ್‌ಗೆ 8 ಸಾವಿರ. ಉಳಿದ ಐದರಲ್ಲಿ ಪೆನ್‌ಡ್ರೈವ್, ಬಲ್ಬು, ಸೆಲ್ಲು, ವೈರು. ಕಿಟಕಿಯ ಬೆಳಕು ಪರದೆಗೆ ಹೊಡೆಯದ ಗೋಡೆ ಯಾವುದು ಅಂತ ನಾನೇ ನೋಡಿ ಇಟ್ಟಿದ್ದೇನೆ.

"ಡಿಜಿಟಲ್ ಬೋರ್ಡ್ ಇಲ್ವಲ್ಲ ಮಿಸ್, ಗ್ರೂಪಲ್ಲಿ ಫೋಟೊ ಏನ್ ಹಾಕ್ಲಿ?" ಅಂದ.

"ಕಬ್ಬಿಣದ ಪೆಟ್ಟಿಗೆದು ಹಾಕಪ್ಪ" ಅಂದೆ. ಮತ್ತೆ ಒಂದು ಹೇಳಿದೆ: ಬಿಲ್ ನಿಮ್ಮ ಬ್ಯಾಚಿನ ಹೆಸರಿಗೆ ಬೇಡ, ಮುಖ್ಯ ಶಿಕ್ಷಕರು ಅಂತ ಹಾಕಿಸಿ ಶಾಲೆ ಹೆಸರಿಗೇ ಮಾಡಿಸು. ಹೋದ ಸಲದ ಟಿವಿ ಬಿಲ್ಲು ದಾನಿಗಳ ಹೆಸರಲ್ಲಿತ್ತು. ಎಂಟೇ ತಿಂಗಳಿಗೆ ಪರದೆಯಲ್ಲಿ ಗೆರೆ ಬಂತು. ವಾರಂಟಿಗೆ ಅವರ ಫೋನಿಗೆ ಬರುವ ಓಟಿಪಿ ಬೇಕು ಅಂದರು, ಅವರು ದುಬೈಯಲ್ಲಿದ್ದರು.